ಕೊಳವೆಯ ಬಾಯಿ

ಸುಂಕಣ್ಣ ಚಪ್ಪಲಿ ಬಿಟ್ಟು ಬಸವಣ್ಣನ ಕಟ್ಟೆ ಹತ್ತಿದ. ಶೆಡ್ಡಿನ ಗೋಡೆಯಿಂದ ಹೊರಕ್ಕೆ ಚಾಚಿದ್ದ ಕೊಳವೆಯ ಬಾಯಿಗೆ ಕೈಹಾಕಿ ಎಳೆದ. ಬಂದದ್ದು ಒಂದು ಹಸಿ ಗೋಣಿಚೀಲ.

“ಇದನ್ಯಾರು ತುರುಕ್ಯಾರ?”

“ನಾನೇ,” ಎಂದರು ಮರಿಬಸಪ್ಪ. “ಮಧ್ಯಾಹ್ನ ಪೂಜಿ ಹೊತ್ತಿಗೆ ಮುಚ್ಚತೀನಿ. ಇದರ ಬಾಯಿ ನೆಟ್ಟಗ ಬಸವಣ್ಣನ ಮುಖಕ್ಕ ಊದತೈತಿ, ದೀಪ ಆರತೈತಿ. ದೀಪಾನ ಬಾಯಿಂದ ಊದಿ ಆರಿಸೋ ಮನಿತನ ಅಲ್ಲಪ್ಪ ನಮ್ದು.”

“ಪೂಜಿ ಮುಗದ ಮ್ಯಾಲೆ ತಗೀತೀರಿ?”

ಮರಿಬಸಪ್ಪ ಬಸವಣ್ಣನ ಮುಂದಿನ ದೀಪದ ಬತ್ತಿ ಸರಿಮಾಡತೊಡಗಿದರು.

ಬಳ್ಳಾರಿಯ ಸಿರುಗುಪ್ಪ ರಸ್ತೆಯ ಆ ಶೆಡ್ಡು ಅವರ ಮಗಳು ಶಾಂಭವಿಯದು. ತೊಳೆದ ಜೀನ್ಸ್ ಪ್ಯಾಂಟುಗಳು ಅಲ್ಲಿ ಒಣಗುತ್ತವೆ. ತುಫಾನಿನ ಮೋಡ ಬಂದು ಎಂಟು ದಿನ ಬಿಸಿಲೇ ಇರಲಿಲ್ಲ. ಮಾಡಿನ ಕೆಳಗೆ ಉದ್ದಕ್ಕೂ ತೂಗುಹಾಕಿದ ಕಬ್ಬಿಣದ ಕೊಳವೆಯೊಳಗೆ ಗ್ಯಾಸು ಉರಿದು, ಸಾಲುಸಾಲು ಪ್ಯಾಂಟುಗಳ ಮೇಲೆ ಕಾವು ಇಳಿಯುತ್ತಿತ್ತು. ಉರಿದ ಗಾಳಿ ಹೊರಗೆ ಹೋಗಲು ಇದ್ದದ್ದು ಈ ಒಂದೇ ಬಾಯಿ.

“ಯಜಮಾನ್ರ, ಈ ಹೊಗಿಗೆ ಬಣ್ಣಿಲ್ಲ, ವಾಸನಿ ಇಲ್ಲ,” ಎಂದ ಸುಂಕಣ್ಣ. ಗ್ಯಾಸಿನ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವನು, ಮೆಲ್ಲಗೆ ಮಾತಾಡುವವನು. “ಹೊರಗ ಹೋಗಾಕ ದಾರಿ ಇಲ್ಲಂದ್ರ ಒಳಗ ತುಂಬತೈತಿ. ಮೊದಲು ತಲಿನೋವು. ಆಮ್ಯಾಲೆ ತೂಕಡಿಕಿ. ಆಮ್ಯಾಲೆ ಕನಸು. ಅದರ ಆಚಿಗೆ ಏನೂ ಇಲ್ಲ.”

ದಾರ ಕತ್ತರಿಸುವ ಕೆಲಸದ ಕಾವೇರಿ ಕತ್ತರಿ ಹಿಡಿದೇ ಬಾಗಿಲಿಗೆ ಬಂದಿದ್ದಳು. “ಅದಕ್ಕಾ ತಾತಾ, ನಿನ್ನಿ ನಾನು ಪ್ಯಾಂಟಿನ ರಾಶಿ ಮ್ಯಾಲೆ ಬಿದ್ದು ನಿದ್ದಿ ಹೊಡದಿದ್ದು. ನೀವು ನೋಡಿದ್ರ ಕುರುಗೋಡಿನ ಮೈಗಳ್ಳಿ ಅಂತ ಬೈದ್ರಿ.”

ಮರಿಬಸಪ್ಪ ಅವಳ ಮುಖ ನೋಡಲಾರದೆ ಸುಂಕಣ್ಣನ ಕಡೆ ತಿರುಗಿದರು. “ಆ ಕನಸಿನಾಗ ಸತ್ತೋರು ಬರ್ತಾರೇನಪ್ಪ?”

ಸುಂಕಣ್ಣ ಕೈಗಂಟಿದ ಮಸಿ ಒರೆಸಿಕೊಂಡ. “ಬಂದಿದ್ರು ಅಂತ ಹೇಳಾಕ ಕೆಲವರು ಉಳದಾರ. ಅವರ ಹಿಂದ ಹೋದೋರು ತಿರುಗಿ ಬಂದು ಹೇಳಿಲ್ಲ.” ಕಟ್ಟೆಯಿಂದ ಇಳಿದ. “ನಾಳಿ ಬ್ರೂಸ್‌ಪೇಟಿಯಿಂದ ಬೆಂಡ್ ಪೈಪು ತರ್ತೀನಿ. ಬಾಯಿನ ತಗಡಿನ ಮ್ಯಾಲಕ್ಕ ಎತ್ತಿಬಿಡೂಣು. ಆಕಾಶಕ್ಕ ಊದ್ಲಿ, ಬಸವಣ್ಣಗೂ ತ್ರಾಸಿಲ್ಲ. ಇವತ್ತೊಂದಿನ ಹಿಂಗ ಇರ್ಲಿ. ಗೋಣಿ ಮಾತ್ರ ಮುಟ್ಟಬ್ಯಾಡ್ರಿ.”

ಮರಿಬಸಪ್ಪನವರ ಹೆಂಡತಿ ಕೊಟ್ರಮ್ಮ ಲಿಂಗೈಕ್ಯಳಾಗಿ ಐದು ತಿಂಗಳಾಗಿತ್ತು. ಕೊಳವೆಗೆ ಗೋಣಿ ತುರುಕಿದ ಮೊದಲ ದಿನವೇ ಅವಳು ಬಂದಿದ್ದಳು. ಪೂಜೆ ಮುಗಿಸಿ ಮರಿಬಸಪ್ಪ ಒಳಗೆ ಕುರ್ಚಿಯಲ್ಲಿ ಕೂತಿದ್ದರು. ಪ್ಯಾಂಟುಗಳ ನೀಲಿ ಕಾಲುಗಳೆಲ್ಲ ನೀರೊಳಗೆ ಇದ್ದಂತೆ ತೂಗತೊಡಗಿದವು. ಅವುಗಳ ಆಚೆ, ಮುಚ್ಚಿದ್ದ ಬಾಗಿಲು ತಾನೇ ತೆರೆದು, ಹೊಸ್ತಿಲ ಹೊರಗೆ ಅವಳು ನಿಂತಿದ್ದಳು. ಹಸಿರು ಇಳಕಲ್ ಸೀರೆ. ಹಣೆಯ ಮೇಲೆ ಈಗಷ್ಟೇ ಧರಿಸಿದ ವಿಭೂತಿ.

“ಹೊರಗ ಬರ್ರಿ,” ಎಂದಳು.

“ಹೊರಗ ಥಂಡಿ ಐತಿ. ನೀನ ಒಳಗ ಬಾ, ಬೆಚ್ಚಗೈತಿ.”

ಅವಳು ಹೊಸ್ತಿಲು ದಾಟಲಿಲ್ಲ. ಬದುಕಿದ್ದಾಗಲೂ ಹಟಮಾರಿಯೇ ಎಂದುಕೊಂಡು ಅವರು ನಗುತ್ತ ಕಣ್ಣು ಮುಚ್ಚಿದ್ದರು. ಎಂಟು ದಿನವೂ ಇದೇ ಮಾತು, ಇದೇ ಹಟ. ಸಂಜೆ ಮಾಲು ಸಾಗಿಸಲು ದೊಡ್ಡ ಬಾಗಿಲು ತೆರೆದು ಗಾಳಿ ನುಗ್ಗಿದಾಗ ಅವಳಿರುತ್ತಿರಲಿಲ್ಲ; ತಲೆ ಮಾತ್ರ ಸಿಡಿಯುತ್ತಿತ್ತು. ಪೂಜೆಯ ಬಳಿಕ ಗೋಣಿ ತೆಗೆಯುವುದನ್ನು ಅವರು ಮರೆತದ್ದಲ್ಲ. ತೆಗೆದಿರಲಿಲ್ಲ, ಅಷ್ಟೆ.

ಸುಂಕಣ್ಣ ಹೊರಟುಹೋಗಿದ್ದ. ನಾಳೆಯಿಂದ ಆ ಬಾಯಿ ಕೈಗೆ ಎಟುಕುವುದಿಲ್ಲ. ಇವತ್ತೊಂದು ಮಧ್ಯಾಹ್ನ ಉಳಿದಿತ್ತು.

“ಕಾವೇರಿ, ಹೋಗವ್ವ, ಊಟ ಮಾಡಿ ಬಾ. ಅವಸರ ಮಾಡಬ್ಯಾಡ.”

“ಇನ್ನಾ ಹನ್ನೆರಡು ಆಗಿಲ್ಲ. ಇವತ್ತ ನನ್ನ ಮ್ಯಾಲೆ ಭಾಳ ಪ್ರೀತಿ ಬಂದೈತಲ್ಲ ತಾತಾ,” ಎಂದು ನಗುತ್ತ ಅವಳು ಬುತ್ತಿ ಹಿಡಿದು ಹೋದಳು. ಬಾಗಿಲು ಹಾಕಲಿಲ್ಲ.

ಮರಿಬಸಪ್ಪ ಬಸವಣ್ಣನಿಗೆ ಪತ್ರೆ ಏರಿಸಿ ಕೈಮುಗಿದರು. ಗೋಣಿಯನ್ನು ಕಾವೇರಿ ಒಳಗೆ ಕೊಳವೆಯ ಕೆಳಗೆ ನೇತುಹಾಕಿದ್ದಳು. ಅದು ಆಗಲೇ ಗರಿಗರಿಯಾಗಿ ಒಣಗಿತ್ತು. ಅದನ್ನು ತಂದು, ಕಟ್ಟೆಯ ಬಳಿ ಇದ್ದ ಬಕೆಟ್ಟಿನಲ್ಲಿ ಅದ್ದಲು ಬಾಗಿದರು. ಬಾಗಿದವರಿಗೆ ತೆರೆದ ಬಾಗಿಲಿನಾಚೆ ತಮ್ಮ ಕುರ್ಚಿ ಕಂಡಿತು.

ಸುತ್ತಲೂ ನೀಲಿ ಕಾಲುಗಳು ಸದ್ದಿಲ್ಲದೆ ತೂಗುತ್ತಿದ್ದವು. ನಡುವೆ ಖಾಲಿ ಕುರ್ಚಿ. ಎಂಟು ದಿನವೂ ಕೊಟ್ರಮ್ಮ ನಿಂತು ನೋಡಿದ್ದು ಇಲ್ಲಿಂದ. ಇಲ್ಲಿಂದ ಅವಳಿಗೆ ಕಂಡಿದ್ದು, ತಲೆ ಎದೆಗೆ ಬಿದ್ದು ನಿದ್ದೆಹೋಗುತ್ತಿದ್ದ ಒಬ್ಬ ಮುದುಕ. ‘ನನ್ನ ಜೋಡಿ ಬರ್ರಿ’ ಎಂದು ಅವಳು ಒಂದು ದಿನವೂ ಅಂದಿರಲಿಲ್ಲ. ಅಂದದ್ದು ‘ಹೊರಗ ಬರ್ರಿ’ ಎಂದಷ್ಟೇ.

ಗೋಣಿಯನ್ನು ಅದ್ದದೆ ಅವರು ನೆಟ್ಟಗಾದರು. ಕೊಳವೆಯ ಬಿಸಿಯುಸಿರು ತಲೆಯ ಮೇಲಿಂದ ಹಾದುಹೋಗುತ್ತಿತ್ತು.

“ಇವತ್ತೊಂದಿನ ತಡಕೋ ತಂದಿ,” ಎಂದರು ಬಸವಣ್ಣನಿಗೆ.

ಕಾವೇರಿ ಬುತ್ತಿ ತೊಳೆದುಕೊಂಡು ಬಂದಾಗ ಅವರು ಕಟ್ಟೆಯ ಮೇಲಿದ್ದರು.

“ಈ ಥಂಡಿಯಾಗ ಯಾಕ ಕುಂತೀರಿ ತಾತಾ? ಒಳಗ ಬರ್ರಿ, ಬೆಚ್ಚಗೈತಿ.”

“ನೀ ಹೋಗವ್ವ. ಬಾಗಿಲು ಹಂಗ ತೆರದಿರ್ಲಿ. ಎಂಟು ದಿನದಿಂದ ಹೊರಗ ಕರೀತಿದ್ಲು. ಈಗ ಬಂದೀನಿ.”

ಯಾರು ಎಂದು ಕೇಳಲು ಹೊರಟ ಕಾವೇರಿಯ ಕಣ್ಣು ಗೋಣಿಯ ಮೇಲೆ ಬಿತ್ತು. ಅದನ್ನು ಪೂರ್ತಿ ಬಿಡಿಸಿ, ಸುಕ್ಕು ತೆಗೆದು ಕಟ್ಟೆಯ ಮೇಲೆ ಹಾಸಿದ್ದರು. ಮರಿಬಸಪ್ಪ ಇನ್ನೊಬ್ಬರಿಗೆ ಜಾಗ ಬಿಟ್ಟು ಅದರ ಒಂದು ಅಂಚಿಗೆ ಸರಿದು ಕೂತಿದ್ದರು.