ಫಕೀರಪ್ಪನ ಅರವತ್ತು, ಕಲ್ಲವ್ವನ ನಲವತ್ತು

ಮೈಮರೆತು ಕಳೆದ ಹೊತ್ತು ಯಾರ ವಯಸ್ಸಿಗೂ ಸೇರುತ್ತಿರಲಿಲ್ಲ. ಹೀಗಾಗಿ ಒಂದೇ ವರ್ಷ ಹುಟ್ಟಿದ ಗಂಡಹೆಂಡಿರಲ್ಲಿ ಫಕೀರಪ್ಪ ಅರವತ್ತು ಮುಟ್ಟಿದರೂ ಕಲ್ಲವ್ವ ಇನ್ನೂ ನಲವತ್ತರಲ್ಲೇ ಇದ್ದಳು. ಆಕೆ ಧಾರವಾಡದ ಮನೆಯಲ್ಲಿ ಸೀರೆಗಳಿಗೆ ಕಸೂತಿ ಹಾಕುವವಳು. ಎಳೆ ಎಣಿಸುತ್ತ ಕೂತರೆ ಜಗತ್ತೇ ನೆನಪಿರುತ್ತಿರಲಿಲ್ಲ. ಅವನೋ ನಿಲ್ದಾಣದಲ್ಲಿ ಕೂತು ಬಸ್ಸುಗಳ ವೇಳೆ ಬರೆಯುವವನು. ಒಂದು ನಿಮಿಷವನ್ನೂ ಬಿಡದೆ ಮೈಗೆ ಹಚ್ಚಿಕೊಂಡಿದ್ದ.

ಪೇಟೆಗೆ ಹೋದರೆ ಅಂಗಡಿಯವರು "ಮಗಳೇನ್ರಿ?" ಎಂದು ಕೇಳುತ್ತಿದ್ದರು. ಅವನು ನಕ್ಕುಬಿಡುತ್ತಿದ್ದ. ಆಕೆಗೆ ಮಾತ್ರ ಚುರುಕ್ ಎನ್ನುತ್ತಿತ್ತು.

ಅವನು ನಿವೃತ್ತನಾದ ಮರುದಿನ ಬೆಳಿಗ್ಗೆ ಕಲ್ಲವ್ವ ಅವನ ಕೈಗೆ ಸೂಜಿ ಕೊಟ್ಟಳು.

"ಒಂದು ಹೊಲಿಗಿ ಹಾಕ್ರಿ, ಒಂದು ಬಿಡ್ರಿ. ತಿರುಗಿ ಬರೂಮುಂದ ಬಿಟ್ಟ ಜಾಗಾ ತುಂಬಕೋತ ಬರ್ರಿ. ಗಂಟು ಮಾತ್ರ ಹಾಕಬ್ಯಾಡ್ರಿ."

"ಟೈಮೆಷ್ಟಾತು?" ಎಂದು ಫಕೀರಪ್ಪ ಹತ್ತು ನಿಮಿಷಕ್ಕೊಮ್ಮೆ ಕೇಳಿದ. ಆಮೇಲೆ ಅರ್ಧ ತಾಸಿಗೊಮ್ಮೆ ಕೇಳಿದ. ಆಮೇಲೆ ಕೇಳಲೇ ಇಲ್ಲ.

"ರೊಟ್ಟಿ ಆರತಾವ್ರಿ," ಎಂದಳು ಕಲ್ಲವ್ವ. ಅದು ಅವನ ಕಿವಿಗೆ ಬೀಳಲಿಲ್ಲ. ಅವನ ಸೂಜಿ ಬಟ್ಟೆಯ ಮೇಲಿನ ಕಸೂತಿ ಗೋಪುರದ ತುದಿ ಮುಟ್ಟಿ, ಬಿಟ್ಟ ಜಾಗ ತುಂಬುತ್ತ ಹಿಂದಿರುಗುತ್ತಿತ್ತು.

ಕಲ್ಲವ್ವ ತನ್ನ ಸೀರೆಯನ್ನು ಮಡಚಿಟ್ಟಳು. ಗೋಡೆಯ ಗಡಿಯಾರಕ್ಕೆ ಎದುರಾಗಿ ಚಕ್ಕಳಮಕ್ಕಳ ಹಾಕಿ ಕುಳಿತು, ಒಂದೊಂದು ನಿಮಿಷವನ್ನೂ ಬೇಕೆಂದೇ ಎಣಿಸತೊಡಗಿದಳು.

ಮಧ್ಯಾಹ್ನ ಮೂರಕ್ಕೆ ಅವನು ತಲೆಯೆತ್ತಿದ. "ಯಾಕ, ನೀ ಹೊಲಿಯೂದಿಲ್ಲೇನು?"

ಗಡಿಯಾರದಿಂದ ಕಣ್ಣು ಕೀಳದೆ ಕಲ್ಲವ್ವ ನಕ್ಕಳು.

"ನೀವು ಅರವತ್ತರಾಗೇ ಇರ್ರಿ. ನಾ ಬರಾಕತ್ತೀನಿ."