ಎದುರಂಗಡಿ

ಗುರುಸಿದ್ದಪ್ಪ ಮತ್ತೆ ರಸ್ತೆ ದಾಟಿದ. ಒಮ್ಮೆ ಹಿಂದಿರುಗಿ ನೋಡಿ, ಸುಗಲಮ್ಮನ ಅಂಗಡಿಯ ಪಕ್ಕದ ಬಾಗಿಲಿನಿಂದ ಒಳಗೆ ಹೋದ. ಹೆಂಚಿನ ಮುಂದೆ ಕೂತಿದ್ದ ನೀಲಾಳ ಕೈ ನಿಂತಿತು. ಈ ವಾರ ಇದು ಮೂರನೆಯ ಸಲ.

ಎದುರಾಳಿಯ ಮನೆಗೆ ಗಂಡ ಯಾಕೆ ಹೋಗುತ್ತಾನೆ?

ಕಾಚಿಗೂಡ ಸ್ಟೇಷನ್ ಹತ್ತಿರದ ಆ ಬೀದಿಯಲ್ಲಿ ಜೋಳದ ರೊಟ್ಟಿ ಎಂದರೆ ಹದಿನಾಲ್ಕು ವರ್ಷ ನೀಲಾ ಒಬ್ಬಳೇ. ಕರ್ನಾಟಕದ ಕಡೆ ರೈಲು ಹತ್ತುವವರು ಅವಳಲ್ಲಿ ಕಡಕ್ ರೊಟ್ಟಿ ಕಟ್ಟಿಸಿಕೊಂಡೇ ಹೋಗುತ್ತಿದ್ದರು. ಹೋದ ವರ್ಷ ಮಗಳು ಸಂಯುಕ್ತಾ ಡೆಂಗಿ ಜ್ವರದಲ್ಲಿ ತೀರಿಕೊಂಡಳು. ಹತ್ತೊಂಬತ್ತು ವರ್ಷ. ನೀಲಾ ಅಂಗಡಿ ಮುಚ್ಚಿ, ಹನ್ನೊಂದು ವಾರ ಗೋಡೆಗೆ ಮುಖ ಮಾಡಿ ಮಲಗಿದಳು.

ಸುಗಲಮ್ಮ ಬಂದದ್ದು ಆಗಲೇ. ಸರಿಯಾಗಿ ಎದುರಿಗೆ ‘ಜೊನ್ನ ರೊಟ್ಟೆ’ ಎಂದು ತೆಲುಗಿನಲ್ಲಿ ಬೋರ್ಡು ಹಾಕಿಕೊಂಡಳು. ಬೆಲೆ ಎರಡು ರೂಪಾಯಿ ಕಡಿಮೆ. ಸುದ್ದಿಯನ್ನು ಹಾಸಿಗೆಯ ತನಕ ತಂದವನು ಗುರುಸಿದ್ದಪ್ಪನೇ.

“ನಿನ್ನ ಗಿರಾಕಿ ಎಲ್ಲಾ ಆ ಕಡಿಗೆ ಹೊಂಟಾರ. ನಿನಗ ತಿಳಿಸಬೇಕಿತ್ತು, ತಿಳಿಸೀನಿ.”

ಮಗಳ ಸಾವಿನ ಮನೆಯೆದುರು ಅಂಗಡಿ ಹೂಡಿದ ಹೆಂಗಸು ಎಂಥವಳಿರಬೇಕು ಎಂದುಕೊಂಡೇ ನೀಲಾ ಮರುದಿನ ಒಲೆ ಹೊತ್ತಿಸಿದಳು.

ಬೆಲೆ ಇಳಿಸಲಿಲ್ಲ. ಅಗ್ಗದ ಗಿರಾಕಿಯನ್ನು ಆ ಕಡೆಗೇ ಬಿಟ್ಟುಕೊಟ್ಟಳು. ರೊಟ್ಟಿಯನ್ನು ಇನ್ನೂ ತೆಳ್ಳಗೆ ಬಡಿದಳು, ಎಳ್ಳು ಹಚ್ಚಿದಳು, ಜೊತೆಗೆ ನಂಜಿಕೊಳ್ಳಲು ಶೇಂಗಾ ಹಿಂಡಿ ಕೊಟ್ಟಳು. ಸುಗಲಮ್ಮನೂ ಎಳ್ಳು ಹಚ್ಚತೊಡಗಿದಾಗ ನೀಲಾ ಸಜ್ಜೆ ರೊಟ್ಟಿಗೆ ಹೋದಳು. ಅದೂ ಎದುರಿಗೆ ಬಂದಾಗ, ತಿಂಗಳು ಇಟ್ಟರೂ ಕೆಡದ ಹಾಗೆ ಪ್ಯಾಕೆಟ್ಟು ಮಾಡಿ ಮೇಲೆ ತನ್ನ ಹೆಸರು ಅಚ್ಚು ಹಾಕಿಸಿದಳು. ಒಬ್ಬಳೇ ಇದ್ದ ಹದಿನಾಲ್ಕು ವರ್ಷದಲ್ಲಿ ಹೊಳೆಯದ್ದು ಎಂಟು ತಿಂಗಳಲ್ಲಿ ಹೊಳೆದಿತ್ತು.

ಒಂದು ಮಾತ್ರ ತಿಳಿಯುತ್ತಿರಲಿಲ್ಲ. ಸುಗಲಮ್ಮನ ರೊಟ್ಟಿ ತರಿಸಿ ತಿಂದು ನೋಡಿದ್ದಳು. ಅಂಚು ಹಸಿ, ನಡುವೆ ಕಪ್ಪು. ಇಂಥ ರೊಟ್ಟಿ ಮಾರಿಕೊಂಡು ಆಕೆ ಹೇಗೆ ಬದುಕಿದ್ದಾಳೆ? ತಾನು ಹಾಕಿದ ಪ್ರತಿ ಹೆಜ್ಜೆ ಆಕೆಗೆ ಹೇಗೆ ಗೊತ್ತಾಗುತ್ತದೆ?

ಸಂಯುಕ್ತಾಳ ವರ್ಷದ ಕಾರ್ಯ ಬಂತು. ಅದು ಮುಗಿದ ಮೇಲೆ ನೀಲಾ ಮತ್ತೆ ಮಲಗಿದಳು. ನಾಲ್ಕು ದಿನ ಬಾಗಿಲು ತೆರೆಯಲಿಲ್ಲ. ಐದನೆಯ ದಿನ, ರೊಟ್ಟಿಯ ಆರ್ಡರಿಗೆಂದು ಅವಳು ಮೊದಲೇ ಮಾತಾಡಿಟ್ಟಿದ್ದ ಮಣಿಕೊಂಡದ ಹಾಸ್ಟೆಲ್ಲಿನಿಂದ ಮ್ಯಾನೇಜರ್ ದಿನೇಶ ಫೋನು ಮಾಡಿದ.

“ಸುಗಲಮ್ಮ ಅನ್ನೋರು ರೊಟ್ಟಿ ತಂದು ತೋರಿಸಿ ಹೋಗ್ಯಾರ್ರಿ. ನೀವು ಬರತೀರೋ, ಅವರಿಗೇ ಆರ್ಡರ್ ಕೊಡಲೋ?”

ನೀಲಾ ಅವತ್ತೇ ಹೋಗಿ ಆರ್ಡರ್ ಹಿಡಿದು ಬಂದಳು. ಆದರೆ ಬಸ್ಸಿನಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಹಾಸ್ಟೆಲ್ಲಿನ ಮಾತು ಗೊತ್ತಿದ್ದದ್ದು ಗಂಡನೊಬ್ಬನಿಗೆ.

“ಆಕೀಗೆ ನೀವ ಹೇಳಿದ್ರೇನು?”

ಗುರುಸಿದ್ದಪ್ಪ ತಲೆ ಎತ್ತಲಿಲ್ಲ. “ಹೂಂ. ನಾನ ಹೇಳೀನಿ.”

“ಯಾಕ?”

“ಆರ್ಡರ್ ನಿನಗ ಸಿಕ್ಕಿತಲ್ಲ. ಇನ್ನೇನು ಬೇಕು?”

ಅಂದಿನಿಂದ ನೀಲಾ ಅವನೊಡನೆ ಮಾತು ಬಿಟ್ಟಳು. ತಾಟು ಮುಂದಿಟ್ಟು ಎದ್ದು ಹೋಗುತ್ತಿದ್ದಳು. ಹಾಸಿಗೆಯನ್ನು ಮಗಳ ಕೋಣೆಗೆ ಒಯ್ದಳು. ರಕ್ಷಣಾ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟರ್ ಆಗಿದ್ದು ನಿವೃತ್ತನಾದವನು, ಸಂಜೆ ಬಾಗಿಲ ಬಳಿ ಕೂತು ರೊಟ್ಟಿ ಬಡಿಯುವ ಸದ್ದು ಕೇಳುತ್ತಿದ್ದ. ರಸ್ತೆ ದಾಟುವುದನ್ನು ಮಾತ್ರ ಬಿಡಲಿಲ್ಲ.

ಈ ಸಲ ನೀಲಾ ಯಾರಿಗೂ ಹೇಳದೆ ಹೆಜ್ಜೆ ಇಟ್ಟಳು. ಶಂಶಾಬಾದಿಗೆ ನಾಲ್ಕು ಸಲ ಓಡಾಡಿ, ವಿಮಾನ ಹತ್ತುವವರಿಗೆ ತಿಂಡಿ ಮಾರುವ ಅಂಗಡಿಯೊಂದನ್ನು ಒಪ್ಪಿಸಿದಳು. ಸುಗಲಮ್ಮ ಜನ್ಮದಲ್ಲಿ ಅಲ್ಲಿಗೆ ಮುಟ್ಟಲಾರಳು. ಮೊದಲ ಪೆಟ್ಟಿಗೆಗಳು ಆಟೋ ಹತ್ತಿದ ದಿನ ಗುರುಸಿದ್ದಪ್ಪ ಹೊಸ್ತಿಲಲ್ಲಿ ನಿಂತು ಪೆಟ್ಟಿಗೆಯ ಮೇಲಿನ ವಿಳಾಸ ಓದಿದ.

“ಶಂಶಾಬಾದ್ ತನಕ ಮುಟ್ಟಿದೇನು?”

ಅವನು ನಕ್ಕ. ಅಣಕದ ನಗೆ ಎಂದುಕೊಂಡು ಅವಳು ಬಾಗಿಲು ಎಳೆದುಕೊಂಡಳು.

ಮರುದಿನ ಬೆಳಿಗ್ಗೆ ಹಿಟ್ಟಿನ ಗಿರಣಿಯಲ್ಲಿ ಪಾಳಿಗೆ ಕೂತಿದ್ದ ಗುರುಸಿದ್ದಪ್ಪ ಎದೆ ಹಿಡಿದುಕೊಂಡು ಒರಗಿದ. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು.

ಎದುರಂಗಡಿ ಅವತ್ತೇ ಮುಚ್ಚಿತು. ಮತ್ತೆ ತೆರೆಯಲಿಲ್ಲ. ಬಂದ ನೆಂಟರೂ ಅದನ್ನು ನೋಡಿ ಪಿಸುಗುಟ್ಟಿದರು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ನೀಲಾ ಮೊದಲ ಸಲ ರಸ್ತೆ ದಾಟಿದಳು. ಸುಗಲಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಅತ್ತು ಅತ್ತು ಕಣ್ಣು ಬಾತಿದ್ದವು. ಅದನ್ನು ಕಂಡು ನೀಲಾಳ ಸಂಶಯ ಖಾತ್ರಿಯಾಯಿತು.

“ಇನ್ನ ಅವರಂತೂ ಇಲ್ಲ. ಖರೇ ಹೇಳು. ನನ್ನ ಗಂಡಗೂ ನಿನಗೂ ಏನಿತ್ತು?”

“ತಿಂಗಳಾ ಪಗಾರ ಕೊಡತಿದ್ರು,” ಎಂದಳು ಸುಗಲಮ್ಮ. “ನಾ ಸೈಟಿನಾಗ ಕಲ್ಲು ಹೊರತಿದ್ದಾಕಿ ರೀ ಅಕ್ಕಾ. ನನಗ ಛಲೋ ರೊಟ್ಟಿ ಬರತಾವ. ಛಲೋ ಮಾಡಬ್ಯಾಡ ಅಂತ ಅವರ ಅಂದ್ರು.”

“ಪಗಾರ ಅವರು ಯಾಕ ಕೊಡಬೇಕು? ಅಂಗಡಿ ನಿಂದಲ್ಲೇನು?”

“ಅವರದ ರೀ. ‘ಮಗಳ ಹಿಂದ ಆಕೀನೂ ಹೊಂಟಾಳ ಸುಗಲಮ್ಮ, ಎದುರಿಗೆ ಒಬ್ಬರು ನಿಂತ್ರ ಸಿಟ್ಟಿಗಾದ್ರೂ ಎದ್ದು ಕೂಡತಾಳ’ ಅಂತ ನನ್ನ ಕರ್ಕೊಂಡ ಬಂದು ಇಲ್ಲಿ ಕೂಡ್ಸಿದ್ರು.”