ಬಾಯಿ ಬಿಡದ ಗೌಂಡಿ

ಮಾವ ಬಳಿದ ಸಿಮೆಂಟು ಈ ಸಲವೂ ಗೋಡೆಯಿಂದ ಜಾರಿ ಬಿತ್ತು. ಗೌಂಡಿ ವಿಜಯ "ಇರ್ಲಿ ಬಿಡ್ರಿ" ಎಂದು ಅವರ ಕೈಯಿಂದ ಕರಣಿ ತೆಗೆದುಕೊಂಡು ತಾನೇ ಬಳಿಯತೊಡಗಿದ. ಹೆಣ್ಣು ಕೊಟ್ಟ ಮಾವನಿಗೆ ಬೈಯುವುದು ಹೇಗೆ? ಯರಗಟ್ಟಿಯ ಕಟ್ಟಡಗಳಲ್ಲಿ ಬುಟ್ಟಿ ಹೊತ್ತು ಕುತ್ತಿಗೆ ಸೋತ ಮಡಿವಾಳೆಪ್ಪ, ಐವತ್ತರಲ್ಲಿ ಗೌಂಡಿ ಕೆಲಸ ಕಲಿಯಲು ಅಳಿಯನ ಹತ್ತಿರ ಬಂದಿದ್ದರು. ಇನ್ನು ಬುಟ್ಟಿ ಹೊರುವ ತ್ರಾಣ ಅವರಲ್ಲಿರಲಿಲ್ಲ.

"ನನ್ನ ಜೋಡಿ ಕಲಿಯಾಕ ಬಂದ ಬಾಳುಗ ಹೆಂಗ ಬೈತೀರಿ?" ಮಾವ ಸೊಂಟಕ್ಕೆ ಕೈಯಿಟ್ಟು ಅಳಿಯನದೇ ಮೂಗುದನಿ ತೆಗೆದರು. "'ಏ ಹುಚ್ಚಪ್ಯಾಲಿ, ಗ್ವಾಡಿಗಿ ಪೌಡರ್ ಹಚ್ಚಾಕ ಹತ್ತಿಯೇನ?' ಅವಾ ಕಲತ. ನನಗ ಬರೇ 'ಇರ್ಲಿ ಬಿಡ್ರಿ ಮಾವಾರ'!"

ವಿಜಯ ಕರಣಿ ಮರಳಿ ಕೊಟ್ಟ. ಮಾವ ಮತ್ತೆ ಬಳಿದರು, ಮತ್ತೆ ಜಾರಿತು.

"ಕೈ ಸತ್ತಾವೇನ? ಒತ್ತಿ ಎಳಿಯಲೇ!"

ತನ್ನ ಕೂಗಿಗೆ ತಾನೇ ಬೆಚ್ಚಿ ವಿಜಯ ನಾಲಿಗೆ ಕಚ್ಚಿಕೊಂಡ. ಮಾವ ತಿರುಗಿ ನೋಡದೆ ಒತ್ತಿ ಎಳೆದರು. ಸಿಮೆಂಟು ಗೋಡೆ ಹಿಡಿಯಿತು.

"ಹೂಂನ್ರಿ, ಗೌಂಡ್ಯಾರ," ಎಂದರು.